ಯಾವ ಕಡೆಯಿಂದ ಸುತ್ತೋದು?

ಹೋದ ತಿಂಗಳು ಗೆಳತಿಯೊಬ್ಬಳು ಮೆಸೇಜ್ ಹಾಕಿದ್ದಳು. "ನಿನ್ನ ಟ್ಯಾಸ್ಮೇನಿಯಾ ಎಕ್ಸೆಲ್ ಶೀಟ್ ಕಳಿಸೇ. ಅತ್ತೆ ಮಾವ ಬರ್ತಿದ್ದಾರೆ, ಜನವರಿಯಲ್ಲಿ ಕರ್ಕೊಂಡು ಹೋಗೋಣ ಅಂತ." ಆಸ್ಟ್ರೇಲಿಯಾದ ದಕ್ಷಿಣಕ್ಕಿರುವ ಟ್ಯಾಸ್ಮೇನಿಯಾ ದ್ವೀಪವನ್ನು ಕಾರಿನಲ್ಲಿ ಸುತ್ತುವ ದಿನದಿನದ ಪ್ಲಾನು ಅದು. ಮೆಲ್ಬರ್ನಿನ ಕನ್ನಡದವರ ನಡುವೆ ಇಂಥ ಶೀಟುಗಳು ಮೊಸರಿನ ಹೆಪ್ಪಿನ ಹಾಗೆ ಮನೆಯಿಂದ ಮನೆಗೆ ಹೋಗುತ್ತವೆ. ನನಗೂ ಅದು ಇನ್ನೊಬ್ಬರ ಮನೆಯಿಂದಲೇ ಬಂದಿದ್ದು. ನಾನು ಒಂದಿಷ್ಟು ಅಳಿಸಿ, ಒಂದಿಷ್ಟು ಸೇರಿಸಿ, ಬಣ್ಣ ಹಚ್ಚಿ ನನ್ನದು ಮಾಡಿಕೊಂಡಿದ್ದೆ. ಕಳಿಸೋದು ಒಂದು ನಿಮಿಷದ ಕೆಲಸ. ಆದರೆ ಮೂರು ವಾರ ಆದರೂ ಕಳಿಸಿರಲಿಲ್ಲ. ತೆರೆಯುತ್ತಿದ್ದೆ, ಏಳನೇ ಸಾಲಿನ ಹತ್ತಿರ ಬರುತ್ತಿದ್ದೆ, ಮುಚ್ಚುತ್ತಿದ್ದೆ. ಆ ಸಾಲಿನಲ್ಲಿ ಇರುವುದು ಇಷ್ಟೇ: "ದಿನ 7. ಹೋಬಾರ್ಟ್‌ನಿಂದ ಸ್ಟ್ರಾನ್. 300 ಕಿ.ಮೀ. ಬರೀ ಡ್ರೈವ್."

ಬೇರೆ ದಿನಗಳ ಸಾಲುಗಳೆಲ್ಲ ತುಂಬಿ ತುಳುಕುತ್ತಿವೆ. ಎಲ್ಲಿ ಕಾಫಿ, ಎಲ್ಲಿ ಶೌಚಾಲಯ, ಎಲ್ಲಿ ಅಮ್ಮ ಕೂರುವುದಕ್ಕೆ ಬೆಂಚು, ಎಲ್ಲ ಇದೆ. ಏಳನೇ ದಿನಕ್ಕೆ ಮಾತ್ರ ಬರೀ ಡ್ರೈವ್.

ಎಡಸುತ್ತು

ಜಗಳ ಶುರುವಾಗಿದ್ದು ದಿಕ್ಕಿನಿಂದ. ನಮ್ಮದೇ ಕಾರನ್ನು ಮೆಲ್ಬರ್ನ್ ಹತ್ತಿರದ ಜೀಲಾಂಗಿನಲ್ಲಿ ಹಡಗಿಗೆ ಹತ್ತಿಸಿದರೆ, ರಾತ್ರಿಯಿಡೀ ಬಾಸ್ ಜಲಸಂಧಿ ದಾಟಿ, ಬೆಳಿಗ್ಗೆ ಟ್ಯಾಸ್ಮೇನಿಯಾದ ಉತ್ತರ ತುದಿಯ ಡೆವನ್‌ಪೋರ್ಟಿನಲ್ಲಿ ಇಳಿಯಬಹುದು. ಅಲ್ಲಿಂದ ಎರಡು ದಾರಿ. ಮೊದಲು ಪಶ್ಚಿಮಕ್ಕೆ ಹೋಗಿ ಕ್ರೇಡಲ್ ಮೌಂಟನ್, ಸ್ಟ್ರಾನ್ ನೋಡಿಕೊಂಡು ದಕ್ಷಿಣದ ಹೋಬಾರ್ಟಿಗೆ ಇಳಿದು, ಪೂರ್ವದ ಕಡಲ ತೀರದಲ್ಲಿ ವಾಪಸ್ ಬರುವುದು. ಇಲ್ಲವೇ ಇದನ್ನೇ ತಿರುಗಿಸುವುದು. ನನ್ನ ಕೈಗೆ ಬಂದ ಶೀಟು ಮೊದಲನೆಯ ದಾರಿಯದು. ಕ್ರೇಡಲ್ ಮೌಂಟನ್ ಡೆವನ್‌ಪೋರ್ಟಿನಿಂದ ಬರೀ ಎಂಬತ್ತು ಕಿಲೋಮೀಟರ್. ಅಷ್ಟು ಹತ್ತಿರ ಇರುವುದನ್ನು ಕೊನೆಗೆ ಯಾಕೆ ಇಡೋದು, ಅಲ್ವಾ?

ಅಪ್ಪ ಅಮ್ಮ ಸಾಗರದಿಂದ ಬಂದು ಎರಡು ವಾರ ಆಗಿತ್ತು. ಊಟದ ಮೇಜಿನ ಮೇಲೆ ಮ್ಯಾಪು ಹರಡಿಕೊಂಡು ಪೆನ್ಸಿಲಿನಲ್ಲಿ ದಾರಿ ತೋರಿಸುತ್ತಿದ್ದೆ. ಅಮ್ಮ ಬೀನ್ಸ್ ನಾರು ತೆಗೆಯುತ್ತಾ ಒಮ್ಮೆ ಇಣುಕಿ ನೋಡಿದಳು. "ಇದೇನೇ, ಎಡಸುತ್ತು ಹಾಕಿಸ್ತೀಯಲ್ಲ?" ಅಂದಳು. ನನಗೆ ಅರ್ಥ ಆಗಲಿಲ್ಲ. "ಉತ್ತರದಿಂದ ಪಶ್ಚಿಮಕ್ಕೆ ಹೋದ್ರೆ ಅಪ್ರದಕ್ಷಿಣೆ. ದೇವಸ್ಥಾನದಲ್ಲಿ ಯಾರಾದ್ರೂ ಹಾಗೆ ಸುತ್ತುತಾರಾ?" ಇದು ದೇವಸ್ಥಾನ ಅಲ್ಲಮ್ಮ, ದ್ವೀಪ ಅಂದೆ. "ಬೆಟ್ಟ ಇದ್ಯಲ್ಲ ನಡುವೆ" ಅಂದಳು. ನನ್ನ ಗಂಡ ಆ ಕಡೆ ತಿರುಗಿಕೊಂಡು ನಗು ಅದುಮಿಕೊಂಡ. ಅಳಿಯನಿಗೆ ಇಂಥ ಜಗಳದಲ್ಲಿ ಪಾತ್ರ ಇರುವುದಿಲ್ಲ.

ನಾನು ಎರಡು ದಿನ ಹಟ ಹಿಡಿದೆ. ಮೂರನೇ ದಿನ ರಾತ್ರಿ ಸುಮ್ನೆ ಮ್ಯಾಪು ನೋಡುತ್ತಾ ಕೂತಾಗ ಹೊಳೆಯಿತು. ಆಸ್ಟ್ರೇಲಿಯಾದಲ್ಲೂ ನಮ್ಮ ಹಾಗೆ ರಸ್ತೆಯ ಎಡಕ್ಕೇ ಓಡಿಸುವುದು. ದ್ವೀಪವನ್ನು ಬಲಗಡೆ ಇಟ್ಟುಕೊಂಡು ಸುತ್ತಿದರೆ ಸಮುದ್ರ ಯಾವಾಗಲೂ ಎಡಗಡೆ, ಅಂದರೆ ನಮ್ಮ ಲೇನಿನ ಪಕ್ಕದಲ್ಲೇ. ಎಲ್ಲಿ ಚೆನ್ನಾಗಿ ಕಂಡರೂ ಎದುರಿನ ಗಾಡಿಗಳಿಗೆ ಕಾಯದೆ, ರಸ್ತೆ ದಾಟದೆ, ಸೀದಾ ಪಕ್ಕಕ್ಕೆ ಎಳೆದು ನಿಲ್ಲಿಸಬಹುದು. ಎಡಸುತ್ತು ಹಾಕಿದರೆ ಪ್ರತಿ ಸಲವೂ ಎದುರು ಲೇನನ್ನು ಅಡ್ಡಹಾಯಬೇಕು. ಹಿಂದಿನ ಸೀಟಿನ ಎಡ ಕಿಟಕಿಯಲ್ಲಿ ಕೂತ ಅಪ್ಪನಿಗೆ ಊರುಕೇರಿ ಕಾಣುತ್ತದೆಯೇ ಹೊರತು ಕಡಲಲ್ಲ. (ಐಸ್‌ಲ್ಯಾಂಡಿನ ಹಾಗೆ ಬಲಗಡೆ ಓಡಿಸುವ ಕಡೆ ಈ ಲೆಕ್ಕ ತಿರುವು ಮುರುವು. ಅಲ್ಲಿಗೆ ಹೋಗುವುದಾದರೆ ಅಮ್ಮನಿಗೆ ಏನು ಹೇಳುವುದೋ ಗೊತ್ತಿಲ್ಲ.) ಹೋಟೆಲು ಬುಕಿಂಗುಗಳನ್ನೆಲ್ಲ ಕ್ಯಾನ್ಸಲ್ ಮಾಡಿ ಉಲ್ಟಾ ಮಾಡಿದೆ. ಅಮ್ಮನಿಗೆ ಕಾರಣ ಹೇಳಲು ಹೋಗಲಿಲ್ಲ. ಅವಳೂ ಕೇಳಲಿಲ್ಲ. ಗೆದ್ದವರು ಕೇಳುವುದಿಲ್ಲ.

ಆಮೇಲೆ ನೋಡಿದರೆ ಅದು ಪೂರ್ತಿ ಪ್ರದಕ್ಷಿಣೆಯೂ ಅಲ್ಲ. ದ್ವೀಪದ ನೈಋತ್ಯ ಮೂಲೆಯಲ್ಲಿ ಸುತ್ತಿ ಬರುವಂಥ ರಸ್ತೆಯೇ ಇಲ್ಲ. ಅಷ್ಟೂ ಕಾಡು, ರಾಷ್ಟ್ರೀಯ ಉದ್ಯಾನ. ಅದಕ್ಕೇ ಹೋಬಾರ್ಟಿನಿಂದ ಪಶ್ಚಿಮ ತೀರಕ್ಕೆ ಹೋಗಬೇಕಾದರೆ ಒಳನಾಡಿನ ಮೂಲಕ ಲಯಲ್ ಹೈವೇ ಹಿಡಿಯಬೇಕು. ಅದೇ ನನ್ನ ಏಳನೇ ಸಾಲು.

ಕರಿಬೇವು

ಪ್ಲಾನ್ ಮಾಡುವಾಗ ನಾನು ತಲೆ ಕೆಡಿಸಿಕೊಂಡಿದ್ದು ಊಟದ ಬಗ್ಗೆ. ಚಿತ್ರಾನ್ನದ ಗೊಜ್ಜು, ಪುಳಿಯೋಗರೆ ಪುಡಿ, ಚಟ್ನಿಪುಡಿ, ಅವಲಕ್ಕಿ, ಐದು ಕೆಜಿ ಅಕ್ಕಿ, ಮೂರು ಲೀಟರ್ ಕುಕ್ಕರ್. ಎಲ್ಲ ಕಡೆ ಅಡುಗೆಮನೆ ಇರುವ ಕ್ಯಾಬಿನ್ನುಗಳನ್ನೇ ಹಿಡಿದಿದ್ದೆ. ಒಂದು ವಿಷಯ ಗೊತ್ತಿದ್ದೂ ಅಮ್ಮನಿಗೆ ಸರಿಯಾಗಿ ಹೇಳಿರಲಿಲ್ಲ. ಟ್ಯಾಸ್ಮೇನಿಯಾಕ್ಕೆ ಹಣ್ಣು, ತರಕಾರಿ, ಗಿಡ, ಸೊಪ್ಪು ಏನನ್ನೂ ಒಯ್ಯುವ ಹಾಗಿಲ್ಲ. ದೇಶದ ಒಳಗೇ, ಒಂದು ರಾಜ್ಯದಿಂದ ಇನ್ನೊಂದಕ್ಕೆ. ಹಣ್ಣಿನ ನೊಣ ಮತ್ತೆ ಬೇರೆ ಬೇರೆ ರೋಗ ದ್ವೀಪಕ್ಕೆ ದಾಟಬಾರದು ಅಂತ. ಸೇಬು, ಚೆರ್ರಿ ಬೆಳೆಯುವ ಊರು, ಅವರ ಭಯ ನ್ಯಾಯವೇ.

ಹಡಗು ಹತ್ತುವ ಮುಂಚೆ ಕಾರುಗಳ ಸಾಲು. ತಪಾಸಣೆಯ ಹೆಂಗಸು ಡಿಕ್ಕಿ ತೆಗೆಸಿದರು. ಪುಡಿಗಳ ಡಬ್ಬಿಗಳನ್ನು ನೋಡಿ ನಕ್ಕರು, ಬಿಟ್ಟರು. ಆಮೇಲೆ ಅಮ್ಮನ ಕಾಲ ಹತ್ತಿರ ಇದ್ದ ಬಟ್ಟೆ ಚೀಲ. ಅದರೊಳಗೆ ಒದ್ದೆ ಬಟ್ಟೆಯಲ್ಲಿ ಸುತ್ತಿದ ಎರಡು ಹಿಡಿ ಕರಿಬೇವು, ಆರು ನಿಂಬೆಹಣ್ಣು, ಹಸಿಮೆಣಸಿನಕಾಯಿ, ಒಂದು ಗೆಣ್ಣು ಹಸಿ ಶುಂಠಿ. ಕರಿಬೇವು ನಮ್ಮ ಮನೆಯ ಕುಂಡದ್ದೇ. ಮೆಲ್ಬರ್ನಿನ ಚಳಿಯಲ್ಲಿ ಅದನ್ನು ಬದುಕಿಸಿದ ಕತೆ ಹೇಳಿದರೆ ಇನ್ನೊಂದು ಬರಹ ಆಗುತ್ತದೆ. ಶುಂಠಿ ಹಡಗಿನಲ್ಲಿ ವಾಂತಿ ಬಂದರೆ ಅಗಿಯುವುದಕ್ಕೆ. ಆ ಹೆಂಗಸು ತುಂಬಾ ನಯವಾಗಿ, ಒಂದೊಂದನ್ನೇ ಎತ್ತಿ, ಇದು ಏನು ಅಂತ ಕೇಳಿ, ಡಬ್ಬಕ್ಕೆ ಹಾಕುತ್ತಾ ಹೋದರು. ಕರಿಬೇವಿನ ಸರದಿ ಬಂದಾಗ ಮೂಗಿಗೆ ಹಿಡಿದು ಇನ್ನೊಮ್ಮೆ ಮೂಸಿದರು. ಅಮ್ಮ ಕನ್ನಡದಲ್ಲೇ, "ಬೇಕಾದ್ರೆ ಮನೆಗೆ ತಗೊಂಡು ಹೋಗಮ್ಮ, ಬಿಸಾಕಬೇಡ" ಅಂದಳು. ಅನುವಾದ ಮಾಡುವ ಧೈರ್ಯ ನನಗೆ ಆಗಲಿಲ್ಲ.

ಅಪ್ಪನಿಗೆ ಇದ್ಯಾವುದರ ಮೇಲೂ ಗಮನ ಇರಲಿಲ್ಲ. ಕಾರುಗಳು ಸಾಲಾಗಿ ಹಡಗಿನ ಹೊಟ್ಟೆಯೊಳಗೆ ಹೋಗುವುದನ್ನು ನೋಡುತ್ತಾ, "ಥೇಟ್ ಸಿಗಂದೂರು ಲಾಂಚು" ಅಂದರು. ಸಾಗರದವರಿಗೆ ಇದು ಹೊಸದಲ್ಲ. ಶರಾವತಿ ಹಿನ್ನೀರಿನಲ್ಲಿ ಬಸ್ಸು, ಜೀಪು, ಬೈಕು, ದೇವಿಗೆ ಹರಕೆ ಹೊತ್ತವರು ಎಲ್ಲರನ್ನೂ ಒಟ್ಟಿಗೆ ಹೇರಿಕೊಂಡು ಆಚೆ ದಡ ಮುಟ್ಟಿಸುತ್ತಿದ್ದ ಲಾಂಚು ಹತ್ತಿ ಇಳಿದು ಬೆಳೆದವರು. ಈಗ ಅಲ್ಲಿ ಸೇತುವೆ ಬಂದಿದೆ. "ಇದು ಸ್ವಲ್ಪ ದೊಡ್ಡ ಲಾಂಚು, ಅಷ್ಟೇ" ಅಂತ ಮೊಮ್ಮಗಳಿಗೆ ಹೇಳಿದರು. ಹತ್ತು ಗಂಟೆಯ ಪ್ರಯಾಣ. ಆ ರಾತ್ರಿ ಅಲೆ ಜೋರಾಗಿತ್ತು. ಶುಂಠಿ ಇರಲಿಲ್ಲ. ಅದರ ವಿವರ ಬೇಡ.

ಮೊದಲ ಆರು ದಿನ

ಇದನ್ನು ಬೇಗ ಹೇಳಿ ಮುಗಿಸುತ್ತೇನೆ, ಯಾಕೆಂದರೆ ಇವೆಲ್ಲ ಶೀಟಿನಲ್ಲಿ ಬರೆದ ಹಾಗೇ ನಡೆದವು. ಲಾನ್‌ಸೆಸ್ಟನ್ನಿನಿಂದ ಸೇಂಟ್ ಹೆಲೆನ್ಸ್‌ಗೆ ಕಾಡಿನ ತಿರುವುಗಳ ದಾರಿ. ಬೇ ಆಫ್ ಫೈರ್ಸ್‌ನಲ್ಲಿ ಬಂಡೆಗಳಿಗೆ ಕೇಸರಿ ಬಣ್ಣದ ಕಲ್ಲುಹೂವು ಹತ್ತಿದೆ. ಎಲ್ಲರೂ ಬೆಂಕಿ ಅಂದರೆ ಆ ಬಣ್ಣವೇ ಅಂದುಕೊಳ್ಳುತ್ತಾರೆ. ಆದರೆ ಹೆಸರು ಬಂದಿದ್ದು 1773ರಲ್ಲಿ, ಅಲ್ಲಿನ ಮೂಲನಿವಾಸಿಗಳು ದಡದುದ್ದಕ್ಕೂ ಹಾಕಿದ್ದ ಬೆಂಕಿಯನ್ನು ಹಡಗಿನಿಂದ ಕಂಡ ಟೋಬಿಯಸ್ ಫರ್ನೋ ಎಂಬ ಕಪ್ತಾನನಿಂದ. ಫ್ರೇಸಿನೆಯಲ್ಲಿ ವೈನ್‌ಗ್ಲಾಸ್ ಬೇ ನೋಡಲು ಮೆಟ್ಟಿಲು ಹತ್ತಬೇಕು. ಅಮ್ಮ ಅರ್ಧ ದಾರಿಯಲ್ಲಿ ಬಂಡೆಯ ಮೇಲೆ ಕೂತು, "ನೀವು ನೋಡ್ಕೊಂಡು ಬಂದು ಫೋಟೋ ತೋರ್ಸಿ" ಅಂದಳು. ಪೋರ್ಟ್ ಆರ್ಥರಿನ ಹಳೆಯ ಸೆರೆಮನೆಯಲ್ಲಿ ಅಪ್ಪನಿಗೆ ಅಂಡಮಾನ್ ನೆನಪಾಯಿತು. ಸಮುದ್ರ ಎಲ್ಲ ಕಡೆ ಎಡಗಡೆಯೇ ಇತ್ತು. ಎಲ್ಲೆಲ್ಲಿ ಬೇಕೋ ಅಲ್ಲಲ್ಲಿ ಎಳೆದು ನಿಲ್ಲಿಸಿದೆವು.

ಪ್ಲಾನಿನ ಒಂದು ನಿಯಮವನ್ನು ಮಾತ್ರ ಯಾರಿಗಾದರೂ ಗಟ್ಟಿಯಾಗಿ ಹೇಳುತ್ತೇನೆ. ಸಂಜೆಗತ್ತಲೆಯಾಗುವ ಮುಂಚೆ ರೂಮು ಸೇರಿಕೊಳ್ಳಿ. ಮುಸ್ಸಂಜೆಗೆ ವಾಲಬಿ, ಪ್ಯಾಡಿಮೆಲನ್, ಪೊಸ್ಸಮ್ ಅನ್ನುವ ಕಾಡುಪ್ರಾಣಿಗಳೆಲ್ಲ ರಸ್ತೆಗೆ ಬರುತ್ತವೆ. ಬೆಳಿಗ್ಗೆ ಹೊರಟರೆ ರಸ್ತೆ ಪಕ್ಕದಲ್ಲಿ ಅವುಗಳ ಹೆಣ ಎಣಿಸುತ್ತಾ ಹೋಗಬೇಕಾಗುತ್ತದೆ. ನನ್ನ ಮಗಳು ಮೊದಲ ದಿನ ಎಣಿಸಲು ಶುರು ಮಾಡಿ, ಇಪ್ಪತ್ತು ದಾಟಿದ ಮೇಲೆ ಬಿಟ್ಟುಬಿಟ್ಟಳು. ಜನವರಿಯಲ್ಲಿ ಸೂರ್ಯ ಮುಳುಗುವಾಗ ಒಂಬತ್ತು ಗಂಟೆ ಹತ್ತಿರ ಆಗಿರುತ್ತದೆ, ಹಾಗಾಗಿ ಈ ನಿಯಮ ಪಾಲಿಸುವುದು ಕಷ್ಟ ಅಲ್ಲ.

ಏಳನೇ ಸಾಲು

ಹೋಬಾರ್ಟಿನಿಂದ ಬೆಳಿಗ್ಗೆ ಎಂಟೂವರೆಗೆ ಹೊರಟೆವು. ಗೂಗಲ್ ಲೆಕ್ಕದಲ್ಲಿ ನಾಲ್ಕೂವರೆ ಗಂಟೆ. ಡರ್ವೆಂಟ್ ನದಿಯ ಪಕ್ಕದ ಹೊಲಗಳು, ಕುರಿಗಳು, ಒಣಗಿ ಹೊಂಬಣ್ಣಕ್ಕೆ ತಿರುಗಿದ ಗುಡ್ಡಗಳು. ಆಮೇಲೆ ರಸ್ತೆ ಕಾಡಿನೊಳಗೆ ಹೊಕ್ಕಿತು. ಅಮ್ಮ, ಮಗಳು ಇಬ್ಬರೂ ನಿದ್ದೆ. ಟಾರ್ರಾಲಿಯಾ ಅನ್ನುವಲ್ಲಿ ರಸ್ತೆ ಒಂದು ಆಳವಾದ ಕಣಿವೆಗೆ ಸುತ್ತಿ ಸುತ್ತಿ ಇಳಿಯುತ್ತದೆ. ಅಲ್ಲಿ ಬೆಟ್ಟದ ನೆತ್ತಿಯಿಂದ ಕೆಳಗಿನ ಪವರ್ ಹೌಸಿನವರೆಗೆ ದಪ್ಪ ದಪ್ಪ ಪೈಪುಗಳು ಸಾಲಾಗಿ ಇಳಿದಿವೆ. ಅಪ್ಪ ಒಮ್ಮೆಲೇ, "ನಿಲ್ಸು, ನಿಲ್ಸು" ಅಂದರು. ಆರು ದಿನದಲ್ಲಿ ಅವರು ಬಾಯಿಬಿಟ್ಟು ನಿಲ್ಲಿಸು ಅಂದಿದ್ದು ಅದೇ ಮೊದಲು.

ಇಳಿದು ನೋಡುತ್ತಾ ನಿಂತರು. ಗಾಳಿಗೆ ಮಫ್ಲರ್ ಹಾರುತ್ತಿತ್ತು. "ಜೋಗ" ಅಂದರು. ಜೋಗದಲ್ಲಿ ಜಲಪಾತಕ್ಕೆ ಬೆನ್ನು ಹಾಕಿ ಪವರ್ ಹೌಸಿನ ಪೈಪು ನೋಡುತ್ತಾ ನಿಲ್ಲುವ ಜನ ಬಹಳ ಇಲ್ಲ. ನಮ್ಮಪ್ಪ ಅವರಲ್ಲೊಬ್ಬರು. ಅಲ್ಲಿನ ಮಹಾತ್ಮ ಗಾಂಧಿ ವಿದ್ಯುದಾಗಾರ ಶುರುವಾಗಿದ್ದು 1948ರಲ್ಲಿ, ಟಾರ್ರಾಲಿಯಾದ್ದು 1938ರಲ್ಲಿ. ಹತ್ತು ವರ್ಷದ ಅಣ್ಣ ತಮ್ಮ. "ಎಲ್ಲಾ ಕಡೆ ಒಂದೇ ನಕ್ಷೆ. ಮೇಲೆ ಕೆರೆ, ಕೆಳಗೆ ಪವರ್ ಹೌಸು, ನಡುವೆ ಪೈಪು" ಅಂದರು. ಸ್ವಲ್ಪ ಹೊತ್ತು ಬಿಟ್ಟು ಕೇಳಿದರು: "ಮೇಲಿನ ಕೆರೆಯಲ್ಲಿ ಯಾರ ಊರಿತ್ತು?"

ನನಗೆ ಉತ್ತರ ಗೊತ್ತಿರಲಿಲ್ಲ. ಆದರೆ ಪ್ರಶ್ನೆ ಎಲ್ಲಿಂದ ಬಂತು ಅಂತ ಗೊತ್ತಿತ್ತು. ಅಪ್ಪನ ಊರು ಲಿಂಗನಮಕ್ಕಿಯ ನೀರಿನಡಿ ಇದೆ. ಅಣೆಕಟ್ಟು ಮುಗಿದಿದ್ದು 1964ರಲ್ಲಿ, ಅವರು ಮನೆ ಬಿಡುವಾಗ ಅಪ್ಪನಿಗೆ ಎಂಟೋ ಒಂಬತ್ತೋ ವರ್ಷ. ನಮ್ಮ ಕಡೆ ಅದಕ್ಕೆ ಒಂದೇ ಪದ, ಮುಳುಗಡೆ. ಅದು ಘಟನೆಯ ಹೆಸರೂ ಹೌದು, ಜಾಗದ ಹೆಸರೂ ಹೌದು. ಜನರ ಜಾತಿಯ ಹಾಗೆಯೂ ಬಳಸುತ್ತಾರೆ: "ಅವ್ರು ಮುಳುಗಡೆಯವ್ರು." ಇಷ್ಟು ಚಿಕ್ಕಂದಿನಿಂದ ಕೇಳಿದ್ದೆ. ಬೇಸಿಗೆಯಲ್ಲಿ ನೀರು ತೀರಾ ಇಳಿದ ವರ್ಷ ಹಳೆಯ ಮಡೇನೂರು ಅಣೆಕಟ್ಟು ತಲೆ ಎತ್ತುವುದನ್ನು ನೋಡಲು ಹೋಗಿದ್ದೂ ಇದೆ. ಆದರೆ ಅಪ್ಪ ಕೂತು ಇದನ್ನು ಹೇಳಿದವರಲ್ಲ.

ಅವತ್ತು ಹೇಳಿದರು. ಟಾರ್ರಾಲಿಯಾದಿಂದ ಡರ್ವೆಂಟ್ ಬ್ರಿಜ್‌ವರೆಗೆ, ಮುಂದಿನ ಸೀಟಿಗೆ ಬಂದು ಕೂತು, ಎದುರಿನ ರಸ್ತೆ ನೋಡುತ್ತಲೇ ಹೇಳಿದರು. ಮುಳುಗುತ್ತೆ ಅಂತ ಖಚಿತವಾಗಿದ್ದರೂ ಅಜ್ಜ ಕೊನೆಯ ಬೇಸಿಗೆಯಲ್ಲಿ ಬಾವಿಯ ಹೂಳು ತೆಗೆಸಿದರಂತೆ. ಆಳಿಗೆ ಕೂಲಿ ಕೊಟ್ಟು, ಎರಡು ದಿನ. ಅಜ್ಜಿ ಬೈದಳಂತೆ. ಅಜ್ಜ, "ನೀರು ಬರೋವರೆಗೆ ನೀರು ಕುಡೀಬೇಕಲ್ಲ" ಅಂದರಂತೆ. ಬಾಗಿಲುವಾಡ, ತೊಲೆ, ಹಂಚು, ಬಿಚ್ಚಬಹುದಾಗಿದ್ದನ್ನೆಲ್ಲ ಬಿಚ್ಚಿ ಲಾರಿಗೆ ಹೇರಿದರು. ತೋಟವನ್ನು ಹೇರಲು ಆಗಲಿಲ್ಲ. ಮುಂದೆ ಯಾವಾಗಲೋ ಒಮ್ಮೆ ಅಜ್ಜನ ಜೊತೆ ದೋಣಿಯಲ್ಲಿ ಹೋದಾಗ ಅಡಿಕೆ ಮರಗಳ ತುದಿ ನೀರಿನ ಮೇಲೆ ಸಾಲಾಗಿ ನಿಂತಿದ್ದವು. "ಸತ್ತಿದ್ವು. ಆದ್ರೆ ಸಾಲು ಹಾಗೇ ಇತ್ತು. ಅಪ್ಪಯ್ಯ ಒಂದೊಂದೇ ಸಾಲು ನೋಡಿ ಇದು ಯಾವ ಬಣ್ಣ ಅಂತ ಹೇಳ್ತಾ ಹೋದ." ಬಣ್ಣ ಅಂದರೆ ನಮ್ಮ ಕಡೆ ತೋಟದ ಎರಡು ಕಾಲುವೆಗಳ ನಡುವಿನ ಪಟ್ಟಿ. ಹೊಸ ಊರಿಗೆ ಕರೆಂಟು ಬಂದಿದ್ದು ಎಷ್ಟೋ ವರ್ಷ ಆದಮೇಲೆ. ಇದನ್ನು ಹೇಳುವಾಗ ಅಪ್ಪ ನಕ್ಕರು. ಹಿಂದಿನ ಸೀಟಿನಲ್ಲಿ ಅಮ್ಮನಿಗೆ ಎಚ್ಚರ ಇತ್ತು ಅಂತ ನನಗೆ ಕನ್ನಡಿಯಲ್ಲಿ ಕಂಡಿತು. ಅವಳು ಕಣ್ಣು ಮುಚ್ಚಿಕೊಂಡೇ ಇದ್ದಳು.

ಡರ್ವೆಂಟ್ ಬ್ರಿಜ್ ಹತ್ತಿರ ಡಿಕ್ಕಿ ತೆಗೆದು ನಿಂತಲ್ಲೇ ಚಿತ್ರಾನ್ನ ತಿಂದೆವು. ಮುಂದೆ ಫ್ರ್ಯಾಂಕ್ಲಿನ್ ನದಿಗೆ ಅಡ್ಡವಾಗಿ ಸಣ್ಣ ಸೇತುವೆ, ಪಕ್ಕದಲ್ಲಿ ಒಂದು ಪುಟ್ಟ ಕಾಡುಹಾದಿ. ನೀರು ಹಾಲು ಹಾಕದ ಚಹಾದ ಬಣ್ಣ. ಕೊಳೆಯಲ್ಲ, ಅಲ್ಲಿನ ಹುಲ್ಲು, ಬೇರುಗಳಿಂದ ಇಳಿದ ಒಗರು. ಮಗಳು ಕೈ ಅದ್ದಿ ನೋಡಿ ಕೈಗೆ ಬಣ್ಣ ಹತ್ತಲಿಲ್ಲ ಅಂತ ಬೇಜಾರು ಮಾಡಿಕೊಂಡಳು. ನಾನು ಅಪ್ಪನಿಗೆ ಆ ನದಿಯ ಕತೆ ಹೇಳಿದೆ. 1972ರಲ್ಲಿ ಇದೇ ರಾಜ್ಯದ ಪೆಡ್ಡರ್ ಅನ್ನುವ ಸರೋವರವನ್ನು ಕರೆಂಟಿಗಾಗಿ ಮುಳುಗಿಸಿದರು. ಗುಲಾಬಿ ಛಾಯೆಯ ಮರಳಿನ ದಡ ಇತ್ತಂತೆ ಅದಕ್ಕೆ. ಆಮೇಲೆ ಈ ನದಿಯ ಸರದಿ. ಆಗ ಜನ ಎದ್ದರು. ಸಾವಿರಕ್ಕೂ ಹೆಚ್ಚು ಮಂದಿಯನ್ನು ಬಂಧಿಸಿದರು, ಅವರಲ್ಲಿ ನೂರಾರು ಮಂದಿ ಜೈಲಿಗೆ ಹೋದರು. ಕೊನೆಗೆ 1983ರ ಜುಲೈನಲ್ಲಿ ಅಲ್ಲಿನ ಅತ್ಯುನ್ನತ ನ್ಯಾಯಾಲಯದಲ್ಲಿ ನಾಲ್ಕು ಮೂರರ ತೀರ್ಪಿನಿಂದ ಅಣೆಕಟ್ಟು ನಿಂತಿತು.

"ಒಂದು ಜಡ್ಜು ಆಚೆ ಹೋಗಿದ್ರೆ ಮುಗೀತಿತ್ತು" ಅಂದರು ಅಪ್ಪ. "ಎಷ್ಟು ಮನೆ ಮುಳುಗ್ತಿತ್ತು?"

ಮನೆ ಇರಲಿಲ್ಲ ಅಪ್ಪ, ಬರೀ ಕಾಡು ಅಂದೆ. ಅವರಿಗೆ ಅದು ನಂಬಲು ಕಷ್ಟವಾಯಿತು. ಮನೆಯೇ ಇಲ್ಲದ ಕಡೆಗೆ ಇಷ್ಟು ಜನ ಜೈಲಿಗೆ ಹೋದರಾ? ಆಮೇಲೆ ನೆನಪಾಗಿ ಹೇಳಿದೆ. ಕೆಳಗಡೆ ನದಿ ದಂಡೆಯಲ್ಲಿ ಗುಹೆಗಳಿವೆ, ಹಿಮಯುಗದ ಕಾಲದಲ್ಲಿ ಜನ ಬದುಕಿದ ಗುರುತುಗಳು, ಕಲ್ಲಿನ ಆಯುಧಗಳು ಅದರಲ್ಲಿ ಸಿಕ್ಕಿವೆ. ಕೇಸಿನಲ್ಲಿ ಅದರ ಮಾತೂ ಬಂದಿತ್ತು. "ಹಾಗಾದ್ರೆ ಮನೆ ಇತ್ತು ಅನ್ನು" ಅಂದರು. ಬಗ್ಗಿ ಬೊಗಸೆಯಲ್ಲಿ ನೀರು ತೆಗೆದು ಮುಖಕ್ಕೆ ಹಾಕಿಕೊಂಡರು. "ಥಂಡಿ ಇದೆ."

ಅಲ್ಲಿಂದ ಮುಂದೆ ಬರ್ಬರಿ ಎಂಬ ದೊಡ್ಡ ಸರೋವರ. ರಸ್ತೆ ಅದರ ಮೇಲೇ ಸೇತುವೆಯಾಗಿ ಹೋಗುತ್ತದೆ. ನೀಲಿ ನೀರು, ಸುತ್ತ ಬೆಟ್ಟ, ಎಲ್ಲರೂ ಫೋಟೋ ತೆಗೆಯುವ ಜಾಗ. "ಇದೂ ಮುಳುಗಡೆಯಾ?" ಅಂತ ಅಪ್ಪ ಕೇಳಿದರು. ಹೌದು, 1990ರ ದಶಕದ ಶುರುವಿನದು, ಕ್ರಾಟಿ ಅನ್ನುವ ಹಳೆಯ ಗಣಿ ಊರಿನ ಜಾಗ ಇದರಡಿ ಇದೆ, ಊರು ಅದಕ್ಕೂ ಎಷ್ಟೋ ಮುಂಚೆ ಖಾಲಿಯಾಗಿತ್ತು ಅಂದೆ. ಅಮ್ಮ ಆಗ ಹಿಂದಿನಿಂದ ಮೊದಲ ಸಲ ಮಾತಾಡಿದಳು. "ಸಾಕು ಮಾರಾಯ್ತಿ, ರಸ್ತೆ ನೋಡ್ಕೊಂಡು ಓಡ್ಸು."

ಹೇಳಿದ್ದು ಸರಿಯೇ. ಕ್ವೀನ್ಸ್‌ಟೌನಿಗೆ ಇಳಿಯುವ ಘಾಟಿಗೆ ತೊಂಬತ್ತೊಂಬತ್ತು ತಿರುವು ಅಂತ ಹೆಸರು. ಆಗುಂಬೆಯ ಹದಿನಾಲ್ಕು ಕಂಡವರಿಗೂ ಕೈ ಬಿಗಿಯಾಗುತ್ತದೆ. ತಿರುವು ಹೆಚ್ಚು ಅಂತಲ್ಲ, ಎರಡೂ ಕಡೆ ಮರವೇ ಇಲ್ಲ. ತಾಮ್ರ ಕರಗಿಸುವ ಕುಲುಮೆಗೆ ಮರ ಕಡಿದರು, ಕುಲುಮೆಯ ಗಂಧಕದ ಹೊಗೆಗೆ ಉಳಿದ ಗಿಡ ಸತ್ತವು, ಬೆಟ್ಟಗಳು ಬೋಳಾದ ಮೇಲೆ ಮಳೆ ಮಣ್ಣನ್ನೂ ಕೊಚ್ಚಿಕೊಂಡು ಹೋಯಿತು. ಕಂದು, ಹಳದಿ, ನಸುಗೆಂಪು ಬಂಡೆಗಳು. ಈಗೀಗ ಅಲ್ಲಲ್ಲಿ ಹಸಿರು ಬರುತ್ತಿದೆ. ಕಾರ್ಕಳದ ನನ್ನ ಗಂಡ, "ಕುದುರೆಮುಖದ ಗಣಿ ನಿಲ್ಲಿಸದೇ ಇದ್ದಿದ್ರೆ..." ಅಂತ ಶುರು ಮಾಡಿ, ಅಮ್ಮನ ಮುಖ ನೋಡಿ ಸುಮ್ಮನಾದ. ಸ್ಟ್ರಾನ್ ಸೇರುವಾಗ ಏಳೂವರೆ. ನಾಲ್ಕೂವರೆ ಗಂಟೆಯ ದಾರಿಗೆ ಹನ್ನೊಂದು ಗಂಟೆ. ಬಿಸಿಲು ಇನ್ನೂ ಇತ್ತು.

ಶೀಟಿನ ಗತಿ

ಕ್ರೇಡಲ್ ಮೌಂಟನ್ನಿಗೆ ಕೊನೆಗೆ ಹೋದೆವು. ಮೋಡ ಮುಚ್ಚಿತ್ತು, ಬೆಟ್ಟ ಕಾಣಲೇ ಇಲ್ಲ. ಮಗಳಿಗೆ ವೊಂಬ್ಯಾಟ್ ಅನ್ನುವ ಪ್ರಾಣಿ ಸಿಕ್ಕಿತು, ಅದರ ಹಿಕ್ಕೆ ಚೌಕಾಕಾರ ಇರುತ್ತದೆ ಅನ್ನುವುದೂ ಗೊತ್ತಾಯಿತು. ಇವತ್ತಿಗೂ ಮನೆಗೆ ಬಂದವರಿಗೆಲ್ಲ ಅದನ್ನೇ ಹೇಳುತ್ತಾಳೆ. ನನಗೆ ಎಡಸುತ್ತು ಹಾಕಿದ್ದರೆ ಏನಾಗುತ್ತಿತ್ತು ಅನ್ನುವ ಯೋಚನೆ ಬಿಡುವುದಿಲ್ಲ. ಆ ಪೈಪುಗಳು ಮೂರನೇ ದಿನವೇ ಬರುತ್ತಿದ್ದವು, ಎದುರು ದಿಕ್ಕಿನಿಂದ, ಹೋಬಾರ್ಟ್ ಮುಟ್ಟುವ ಅವಸರದಲ್ಲಿ. ಆಗ ಅಪ್ಪನೂ ಇನ್ನೂ ಅತಿಥಿಯ ಹಾಗೆ, "ಎಲ್ಲಾ ಚೆನ್ನಾಗಿದೆ" ಅನ್ನುತ್ತಾ ಕೂತಿರುತ್ತಿದ್ದರು. ನಿಲ್ಸು ಅನ್ನುತ್ತಿದ್ದರೋ ಇಲ್ಲವೋ.

ನಿನ್ನೆ ರಾತ್ರಿ ಕೂತು ಏಳನೇ ಸಾಲನ್ನು ತುಂಬಿಸಲು ನೋಡಿದೆ. "ಟಾರ್ರಾಲಿಯಾ, 20 ನಿಮಿಷ" ಅಂತ ಬರೆದೆ. ಓದಿದರೆ ನಗು ಬಂತು. ಅವಳ ಮಾವ ಬಿಜಾಪುರದವರು, ಅವರಿಗೆ ಆ ಪೈಪು ಬರೀ ಪೈಪು. ಅಳಿಸಿದೆ. "ಬರೀ ಡ್ರೈವ್" ಅನ್ನುವುದನ್ನು ಹಾಗೇ ಬಿಟ್ಟು, ರಾತ್ರಿ ಉಳಿಯುವ ಜಾಗದ ಮುಂದೆ "ತಡವಾಗಿ ಬರ್ತೀವಿ ಅಂತ ಮೊದಲೇ ಫೋನ್ ಮಾಡು" ಅಂತ ಸೇರಿಸಿದೆ. ಶೀಟು ಕಳಿಸಿದೆ. ಐದೇ ನಿಮಿಷಕ್ಕೆ ಅವಳ ಪ್ರಶ್ನೆ: "ಎಲ್ಲರೂ ಪಶ್ಚಿಮದಿಂದ ಶುರು ಮಾಡ್ತಾರೆ, ನೀನ್ಯಾಕೆ ಉಲ್ಟಾ?" ಸಮುದ್ರ ಎಡಗಡೆ ಸಿಗುತ್ತೆ ಅಂತ ಬರೆದೆ. ಆಮೇಲೆ ಇನ್ನೊಂದು ಮೆಸೇಜ್ ಹಾಕಿದೆ: "ಕರಿಬೇವು ಒಯ್ಯಬೇಡ. ಶುಂಠಿಯನ್ನು ಮನೆಯಲ್ಲೇ ತಂಬುಳಿ ಮಾಡಿ ಕುಡಿಸ್ಕೊಂಡು ಹೊರಡು."